ಮಣ್ಣಿನ ವಿಷಕ್ಕೆ ಮದ್ದು ಸಿಕ್ಕ ಬಗೆ

ಹುನಗುಂದದ ಎರೆಹೊಲದಲ್ಲಿ ಬರಿಗಾಲಿಗೆ ನಟ್ಟ ಜಾಲಿಮುಳ್ಳು, ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕೈಗೆ ಸಿಡಿದ ಕಲ್ಲಚೂರು, ಬಾದಾಮಿ ಸೀಮೆಯ ದನದ ಕೊಟ್ಟಿಗೆಯಲ್ಲಿ ತುಳಿದ ಮೊಳೆ: ಧನುರ್ವಾಯುವಿಗೆ ಇಷ್ಟು ಗಾಯ ಸಾಕು. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಸೆಟೆಯುತ್ತದೆ, ಕೊನೆಗೆ ಉಸಿರೇ ಕಟ್ಟುತ್ತದೆ.

ಈ ರೋಗದ ಬೇರು ಮಣ್ಣಿನಲ್ಲಿದೆಯೆಂದು ತಿಳಿದದ್ದು 1884ರಲ್ಲಿ. ಇಟಲಿಯ ಟ್ಯೂರಿನ್‌ನಲ್ಲಿ ಕಾರ್ಲೆ ಮತ್ತು ರಾಟೋನೆ ರೋಗಿಯ ಕೀವನ್ನು ಮೊಲಗಳಿಗೆ ಚುಚ್ಚಿದಾಗ ಅವಕ್ಕೂ ರೋಗ ತಗುಲಿತು. ಅದೇ ವರ್ಷ ಜರ್ಮನಿಯ ಆರ್ಥರ್ ನಿಕೊಲೈಯರ್ ಬರೀ ಮಣ್ಣನ್ನೇ ಪ್ರಾಣಿಗಳಿಗೆ ಚುಚ್ಚಿ ಧನುರ್ವಾಯು ಬರುವುದನ್ನು ಕಂಡರು. ಆದರೆ ಮಣ್ಣಿನ ಅಸಂಖ್ಯ ಸೂಕ್ಷ್ಮಾಣುಗಳಲ್ಲಿ ಕೊಲ್ಲುವುದು ಯಾವುದು?

ಉತ್ತರ ಸಿಕ್ಕಿದ್ದು 1889ರಲ್ಲಿ, ಬರ್ಲಿನ್‌ನ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ. ಜಪಾನಿನ ಕಿಟಾಸಾಟೊ ಶಿಬಾಸಾಬುರೊ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು 80 ಡಿಗ್ರಿಗೆ ಕಾಯಿಸಿದರು. ಉಳಿದವೆಲ್ಲ ಸತ್ತು, ಧನುರ್ವಾಯುವಿನ ಗಟ್ಟಿ ಬೀಜಾಣುಗಳು ಬದುಕಿದವು. ಗಾಳಿ ಸೋಕದಂತೆ ಹೈಡ್ರೋಜನ್ ತುಂಬಿ ಅವನ್ನು ಬೆಳೆಸಿದರು. ಪ್ರಾಣ ತೆಗೆಯುವುದು ಈ ಬ್ಯಾಕ್ಟೀರಿಯಾ ಉಗುಳುವ ವಿಷ ಎಂಬುದೂ ಬೇಗನೆ ಸ್ಪಷ್ಟವಾಯಿತು.

1890ರ ಡಿಸೆಂಬರಿನಲ್ಲಿ ಕಿಟಾಸಾಟೊ ಮತ್ತು ಎಮಿಲ್ ಬೆರಿಂಗ್ ಒಂದು ಮಹತ್ವದ ಸಂಗತಿ ಪ್ರಕಟಿಸಿದರು. ರೋಗನಿರೋಧಕ ಶಕ್ತಿ ಪಡೆದ ಮೊಲದ ಸೀರಮ್ ಕೊಟ್ಟ ಇಲಿಗಳು ವಿಷ ಚುಚ್ಚಿದರೂ ಬದುಕಿದವು. ಕೊಡದ ಇಲಿಗಳು ಸತ್ತವು. ಆದರೆ ಎರವಲು ಸೀರಮ್ಮಿನ ಕಾವಲು ಕೆಲವೇ ವಾರಗಳದ್ದು. ದೇಹವೇ ಪ್ರತಿಕಾಯ ತಯಾರಿಸಬೇಕಿತ್ತು.

ಆ ದಾರಿ ತೆರೆದದ್ದು 1920ರ ದಶಕದಲ್ಲಿ, ಫ್ರಾನ್ಸಿನ ಗಾಸ್ತೋ ರಮೋ ಅವರಿಂದ. ಫಾರ್ಮಲಿನ್ ಬೆರೆಸಿ ಬೆಚ್ಚಗಿಟ್ಟ ವಿಷ ಹಲ್ಲು ಕಿತ್ತ ಹಾವಿನಂತಾಯಿತು: ಕೊಲ್ಲಲಾರದು, ಆದರೆ ದೇಹ ಅದರ ಗುರುತು ಹಿಡಿದು ಸಜ್ಜಾಗುತ್ತದೆ. ಇದೇ ಟಾಕ್ಸಾಯ್ಡ್, ನಮ್ಮ ಟಿ.ಟಿ. ಇಂಜೆಕ್ಷನ್ನಿನ ತಿರುಳು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಇದನ್ನು ಹಾಕಿಸಿದ ಅಮೆರಿಕದ ಸೇನೆಯಲ್ಲಿ ಕಂಡ ಧನುರ್ವಾಯು ಪ್ರಕರಣಗಳು 12 ಮಾತ್ರ.

ಬಸುರಿಗೆ ಹಾಕಿದ ಇಂಜೆಕ್ಷನ್ನಿನಿಂದ ಹುಟ್ಟಿದ ಪ್ರತಿಕಾಯಗಳು ಮಾಸನ್ನು ದಾಟಿ ಕೂಸನ್ನೂ ಕಾಯುತ್ತವೆ. ಈ ಲಸಿಕೆ ಮತ್ತು ಶುಚಿಯಾದ ಹೆರಿಗೆಯಿಂದಾಗಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯ ಗುರಿಯನ್ನು ಭಾರತ 2015ರಲ್ಲಿ ಮುಟ್ಟಿತು.

ಬೀಜಾಣು ಮಾತ್ರ ನಮ್ಮ ಹೊಲದಲ್ಲಿ ಇದ್ದೇ ಇದೆ. ಈ ರೋಗ ಒಬ್ಬರಿಂದೊಬ್ಬರಿಗೆ ಹರಡದು. ಆದ್ದರಿಂದ ನೆರೆಯವರ ಲಸಿಕೆ ನಿಮ್ಮನ್ನು ಕಾಯದು. ಒಮ್ಮೆ ರೋಗ ಬಂದು ಬದುಕಿದವರಿಗೂ ಲಸಿಕೆ ಬೇಕು. ಈಗ ಟಿ.ಟಿ. ಬದಲು ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಬಂದಿದೆ, 10 ಮತ್ತು 16 ವರ್ಷದ ಮಕ್ಕಳಿಗೆ, ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಗಾಯವಾಗುವ ತನಕ ಕಾಯಬೇಡಿ, ಮೊದಲೇ ಹಾಕಿಸಿಕೊಳ್ಳಿ.