ಬೆಕ್ಕಿಗೆ ಹರ್ಪಿಸ್ ಅಂದ್ರೆ ಬೀದಿಗೆ ಬಿಡೋದಾ?

ಡಾಕ್ಟರು 'ಹರ್ಪಿಸ್' ಅಂದ ಕೂಡಲೇ ಬೆಕ್ಕನ್ನು ಎಲ್ಲಾದರೂ ಬಿಟ್ಟುಬರುವ ಮಾತಾಡುವವರನ್ನು ನಾನು ಕಂಡಿದ್ದೇನೆ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ: ಬೆಕ್ಕಿನ ಹರ್ಪಿಸ್ ವೈರಸ್ ಮನುಷ್ಯರಿಗೆ ಹರಡುವುದಿಲ್ಲ.

ಸೀನು, ಸೋರುವ ಮೂಗು, ಪಿಸುರುಗಟ್ಟಿದ ಕಣ್ಣು, ಕೆಲವೊಮ್ಮೆ ಕಣ್ಣಲ್ಲೇ ಹುಣ್ಣು. ಇವೆಲ್ಲ ವಾಸಿಯಾದರೂ ವೈರಸ್ ಮುಖದ ನರದ ಗಂಟಿನಲ್ಲಿ ಜೀವನಪೂರ್ತಿ ಅಡಗಿ ಕೂತಿರುತ್ತೆ. ಮನೆ ಬದಲಾಯಿತು, ಹೊಸ ಬೆಕ್ಕು ಬಂತು, ಬೋರ್ಡಿಂಗ್‌ಗೆ ಬಿಟ್ಟಿರಿ ಅನ್ನಿ, ಆ ಒತ್ತಡಕ್ಕೆ ಸುಮಾರು ಒಂದು ವಾರದಲ್ಲಿ ಮತ್ತೆ ತಲೆಯೆತ್ತುತ್ತೆ. ಕಿಕ್ಕಿರಿದ ಶೆಲ್ಟರ್‌ಗಳಲ್ಲಿ ಮರಿಗಳು ಸಾಲಾಗಿ ಕಾಯಿಲೆ ಬೀಳಲು ಇದೂ ಒಂದು ಕಾರಣ. ಬಿಟ್ಟುಬಂದ ಬೆಕ್ಕು ಸೇರುವುದೂ ಅಲ್ಲಿಗೇ, ಇಲ್ಲವೇ ಬೀದಿಗೆ.

ಎಲ್-ಲೈಸಿನ್ ಪೇಸ್ಟ್ ಇನ್ನೂ ಮಾರ್ತಾನೇ ಇದ್ದಾರೆ. ಲಭ್ಯ ಅಧ್ಯಯನಗಳನ್ನು ಜರಡಿ ಹಿಡಿದ 2015ರ ಪರಿಶೀಲನೆಯೊಂದು ಅದನ್ನು ಕೊಡುವುದನ್ನೇ ನಿಲ್ಲಿಸಿ ಎಂದಿತ್ತು. ಆ ದುಡ್ಡಲ್ಲಿ ಇನ್ನೊಂದು ಲಿಟರ್ ಟ್ರೇ ತನ್ನಿ. ಬಚ್ಚಿಟ್ಟುಕೊಳ್ಳೋಕೆ ರಟ್ಟಿನ ಡಬ್ಬವಂತೂ ಫ್ರೀ.

ಕೆಲಸ ಮಾಡುವ ಔಷಧ ಫ್ಯಾಮ್‌ಸಿಕ್ಲೋವಿರ್. ಡೋಸ್ ಪಶುವೈದ್ಯರೇ ಹೇಳಬೇಕು. ನಮ್ಮ ಅಸೈಕ್ಲೋವಿರ್ ಮಾತ್ರೆ ಬೆಕ್ಕಿಗೆ ವಿಷ, ಪ್ಯಾರಾಸಿಟಮಾಲ್ ಕೊಂದೇಬಿಡಬಹುದು. ಸ್ಟಿರಾಯ್ಡ್ ಇರುವ ಕಣ್ಣಿನ ಡ್ರಾಪ್ಸ್ ಹುಣ್ಣನ್ನು ಇನ್ನಷ್ಟು ಕೆಡಿಸುತ್ತೆ. ಲಸಿಕೆ ಸೋಂಕನ್ನು ಪೂರ್ತಿ ತಡೆಯಲ್ಲ, ಆದರೆ ತೀವ್ರತೆ ತಗ್ಗಿಸುತ್ತೆ. ಅಷ್ಟಕ್ಕಾದರೂ ಹಾಕಿಸಲೇಬೇಕು.

ಮೂಗು ಕಟ್ಟಿದರೆ ವಾಸನೆ ಸಿಗದೆ ಬೆಕ್ಕು ಊಟ ಬಿಡುತ್ತೆ. ಮೀನೋ ಕೋಳಿಯೋ ಬೆಚ್ಚಗೆ ಮಾಡಿ ಇಡಿ. ಇಡೀ ದಿನ ಮುಟ್ಟಲಿಲ್ಲ ಅಂದ್ರೆ, ಅಥವಾ ಒಂದು ಕಣ್ಣು ಮುಚ್ಚಿಕೊಂಡೇ ಕೂತಿದ್ರೆ, ನಾಳೆವರೆಗೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.