ಥರ್ಮಾಕೋಲ್‌ಗೆ ಗಾಜಿನ ಅಂಗಿ ತೊಡಿಸುವ ಕಸುಬು

ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಹಲಗೆಯ ಮೇಲೆ ನೆಟ್ಟಗೆ ನಿಂತು, ಆಳೆತ್ತರದ ಹುಟ್ಟಿನಿಂದ ನೀರು ತಳ್ಳುತ್ತ ಸಾಗುವವರು ಈಗ ಊರವರಿಗೆ ಹೊಸಬರಲ್ಲ. ಹತ್ತೂವರೆ ಅಡಿ ಉದ್ದ, ಎರಡೂವರೆ ಅಡಿಗೂ ಮಿಕ್ಕ ಅಗಲ, ನಾಲ್ಕೂವರೆ ಇಂಚು ದಪ್ಪದ ಆ ಪ್ಯಾಡಲ್ ಬೋರ್ಡನ್ನು ಒಮ್ಮೆ ಎತ್ತಿ ನೋಡಬೇಕು. ಕಂಕುಳಿಗೆ ಸಿಕ್ಕಿಸಿಕೊಂಡು ನಡೆಯುವಷ್ಟು ಹಗುರ. ಹತ್ತು ಹನ್ನೆರಡು ಕಿಲೋ, ಅಷ್ಟೇ. ಒಳಗಿರುವುದು ಗಣೇಶನ ಮಂಟಪಕ್ಕೆ ಕತ್ತರಿಸುವ ಅದೇ ಥರ್ಮಾಕೋಲ್. ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವ ಈ ವಸ್ತು ಎಂಬತ್ತು ಕಿಲೋ ತೂಕದ ಮನುಷ್ಯನನ್ನು ಹೊರುವುದು, ಮೈಮೇಲೆ ಹೊದಿಸಿದ ಒಂದು ಮಿಲಿಮೀಟರೂ ದಪ್ಪವಿಲ್ಲದ ಗಾಜಿನ ಬಟ್ಟೆಯ ಬಲದಿಂದ. ಇಂಥದ್ದನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬಹಳ ಮಂದಿ. ಅವರೆಲ್ಲರ ತಲೆಕೆಡಿಸುವ ಪ್ರಶ್ನೆ ಒಂದೇ: ಮುರಿಯಬಾರದು, ಭಾರವೂ ಆಗಬಾರದು, ಹೇಗೆ?

ಪ್ರಶ್ನೆ ಹಳೆಯದು. ಹವಾಯಿಯ ಪುರಾತನ ಹಲಗೆಗಳು ಇಡೀ ಮರದಲ್ಲಿ ಕಡೆದವು, ಹೊರುವುದಕ್ಕೇ ಗಟ್ಟಿಗರು ಬೇಕಿತ್ತು. 1926ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರ ಅಂಥದೊಂದು ಹಲಗೆಯ ತುಂಬ ತೂತು ಕೊರೆದು, ಮೇಲೆ ತೆಳು ಮರ ಮುಚ್ಚಿ ತೂಕ ಇಳಿಸಿದ. ಮುಂದೆ ಒಳಗೆ ಪಕ್ಕೆಲುಬಿನಂಥ ಪಟ್ಟಿಗಳನ್ನಿಟ್ಟು ಪೂರ್ತಿ ಟೊಳ್ಳು ಹಲಗೆಯನ್ನೇ ಕಟ್ಟಿ 1932ರಲ್ಲಿ ಪೇಟೆಂಟ್ ಪಡೆದ. 1940ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ ಟೊಳ್ಳಿನ ಜಾಗಕ್ಕೆ ಹಗುರ ಫೋಮ್ ತುಂಬಿದ. ಆದರೆ ಗಾಜಿನ ಬಟ್ಟೆ ಅಂಟಿಸಲು ಆಗ ಸಿಗುತ್ತಿದ್ದ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಆ ಫೋಮ್ ಕರಗಿಹೋಗುತ್ತಿತ್ತು. ಅದಕ್ಕಾಗಿ ನಡುವೆ ತೆಳು ಪ್ಲೈವುಡ್ ಅಡ್ಡವಿಟ್ಟ. 1950ರ ದಶಕದ ಕೊನೆಗೆ ಪಾಲಿಯೆಸ್ಟರ್‌ಗೆ ಜಗ್ಗದ ಪಾಲಿಯುರಿಥೇನ್ ಫೋಮ್ ಬಂದು ಐವತ್ತು ವರ್ಷ ಆಳಿತು. ಅದರ ಅತಿದೊಡ್ಡ ತಯಾರಕ ಕ್ಲಾರ್ಕ್ ಫೋಮ್ 2005ರ ಡಿಸೆಂಬರಿನಲ್ಲಿ ಏಕಾಏಕಿ ಬಾಗಿಲು ಹಾಕಿದಾಗ ಅನೇಕ ಕುಶಲಕರ್ಮಿಗಳು ಥರ್ಮಾಕೋಲ್ ಮತ್ತು ಎಪಾಕ್ಸಿ ಎಂಬ ಇನ್ನೊಂದು ರೆಸಿನ್‌ನ ಜೋಡಿಯ ಕಡೆ ಹೊರಳಿದರು. ಲೈರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಮುಂತಾದವರು ಹವಾಯಿಯಲ್ಲಿ ನಿಂತು ಹುಟ್ಟುಹಾಕುವ ಆಟಕ್ಕೆ ಹೊಸ ಜೀವ ಕೊಟ್ಟದ್ದೂ ಆ ಹೊತ್ತಿನಲ್ಲೇ.

ಎಪಾಕ್ಸಿ ಥರ್ಮಾಕೋಲನ್ನು ಕರಗಿಸುವುದಿಲ್ಲ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 'ಫೈಬರ್ ರೆಸಿನ್' ಮಾತ್ರ ಸಾಮಾನ್ಯವಾಗಿ ಪಾಲಿಯೆಸ್ಟರೇ. ಒಂದು ತುಂಡಿನ ಮೇಲೆ ಸುರಿದರೆ ಕಣ್ಣೆದುರೇ ಗುಳಿ ಬೀಳುತ್ತದೆ. ಮಲ್ಪೆ, ಗಂಗೊಳ್ಳಿ ಕಡೆಯ ಫೈಬರ್ ದೋಣಿಗೆ ಬಳಕೆಯಾಗುವುದೂ ಅದೇ ರೆಸಿನ್, ಜತೆಗೆ ಎಳೆಗಳು ಅಡ್ಡಾದಿಡ್ಡಿ ಬಿದ್ದಿರುವ ಮ್ಯಾಟ್. ದೋಣಿಗೆ ಅದು ಸರಿ, ಅಲ್ಲಿ ದಪ್ಪವೇ ಬಲ. ಪ್ಯಾಡಲ್ ಬೋರ್ಡಿಗೆ ಆ ಲೆಕ್ಕ ತಂದರೆ ಕೆಟ್ಟಿತು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ತನ್ನ ತೂಕದ ಎರಡು ಪಟ್ಟಿಗೂ ಹೆಚ್ಚು ರೆಸಿನ್ ಕುಡಿಯುತ್ತದೆ; ಹಲಗೆಯ ಒಂದು ಮಗ್ಗುಲಿಗೆ ಒಂದು ಪದರ ಹಾಕುವುದರೊಳಗೆ ಮೂರು ಕಿಲೋ ಏರಿತು. ನೇಯ್ದ 200 ಗ್ರಾಮಿನ ಬಟ್ಟೆಯಾದರೆ ತನ್ನಷ್ಟೇ ತೂಕದ ರೆಸಿನ್ ಸಾಕು, ಅದೇ ಮಗ್ಗುಲು ಒಂದು ಕಿಲೋ ಒಳಗೆ ಮುಗಿಯುತ್ತದೆ. ಬಲವಿರುವುದು ಗಾಜಿನ ಎಳೆಯಲ್ಲಿ. ರೆಸಿನ್‌ನ ಕೆಲಸ ಎಳೆಗಳನ್ನು ಹಿಡಿದಿಡುವುದಷ್ಟೆ. ಅದಕ್ಕಿಂತ ಹೆಚ್ಚು ಸುರಿದದ್ದೆಲ್ಲ ಬರಿಯ ಹೊರೆ.

ಥರ್ಮಾಕೋಲ್ ಮಾಡುವ ಕೆಲಸವೇನು? ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ದೂರ ಹಿಡಿದಿಡುವುದು. ಕಬ್ಬಿಣದ ತೊಲೆಯಲ್ಲಿ ಮೇಲೆ ಕೆಳಗೆ ಅಗಲ ಪಟ್ಟಿ, ನಡುವೆ ತೆಳುಗೋಡೆ ಇರುವ ತತ್ತ್ವವೇ ಇಲ್ಲೂ. ಪದರಗಳು ಅಷ್ಟೇ ಇದ್ದು ನಡುವಿನ ದಪ್ಪ ಇಮ್ಮಡಿಯಾದರೆ ಬಿಗಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಬಾಗುತ್ತದೆಂಬ ಭಯದಿಂದ ಇನ್ನೊಂದು ಪದರ ಹೊದಿಸುವುದಕ್ಕಿಂತ ಅರ್ಧ ಇಂಚು ದಪ್ಪ ಹೆಚ್ಚಿಸುವುದು ಜಾಣತನ. ಹಲಗೆಯ ನಡುವೆ ಭಾರ ಬಿದ್ದು ಎರಡೂ ತುದಿ ಅಲೆಯ ಮೇಲೆ ಕುಳಿತಾಗ ಅಡಿಯ ಪದರ ಎಳೆತಕ್ಕೆ ಸಿಗುತ್ತದೆ, ಮೇಲಿನದು ಒತ್ತಡಕ್ಕೆ. ತೆಳು ಪದರ ಎಳೆತವನ್ನು ಚೆನ್ನಾಗಿ ತಾಳುತ್ತದೆ, ಒತ್ತಿದರೆ ಮಡಿಚಿಕೊಳ್ಳುತ್ತದೆ. ಮೇಲೆ ಎರಡು ಪದರ, ಅಡಿಗೆ ಒಂದೇ ಎಂಬ ರೂಢಿ ಬಂದದ್ದು ಇದರಿಂದ.

ಮೇಲ್ಭಾಗಕ್ಕೆ ಇನ್ನೊಂದು ಕಷ್ಟವಿದೆ: ಹಿಮ್ಮಡಿ. ಎಪ್ಪತ್ತು ಕಿಲೋ ಮನುಷ್ಯ ಒಂದೇ ಹಿಮ್ಮಡಿಯ ಮೇಲೆ ಭಾರ ಬಿಟ್ಟರೆ ಚದರ ಸೆಂಟಿಮೀಟರಿಗೆ ಎರಡೂವರೆ ಕಿಲೋಗೂ ಮಿಕ್ಕ ಒತ್ತಡ. ಘನ ಮೀಟರಿಗೆ 16 ಕಿಲೋ ಸಾಂದ್ರತೆಯ ಥರ್ಮಾಕೋಲ್ ಒಂದು ಕಿಲೋವನ್ನೂ ತಾಳದೆ ಕುಸಿಯುತ್ತದೆ. ಇಡೀ ಹಲಗೆಗೆ 24 ಕಿಲೋ ಸಾಂದ್ರತೆಯದನ್ನು ತಂದರೆ ತೂಕ ಒಂದೂವರೆ ಕಿಲೋ ಏರುತ್ತದೆ, ಆದರೂ ಹಿಮ್ಮಡಿಗೆ ಸಾಲದು. ಬಲ್ಲವರು ಮಾಡುವುದೇ ಬೇರೆ. ಕಾಲಿಡುವ ಜಾಗದಷ್ಟಕ್ಕೆ ಮಾತ್ರ ಮೂರು ಮಿಲಿಮೀಟರ್ ದಪ್ಪದ ಗಟ್ಟಿ ಪಿವಿಸಿ ಫೋಮ್ ಅಥವಾ ತೆಳು ಮರದ ವೆನೀರ್ ಅಂಟಿಸಿ, ಅದರ ಅಡಿಗೂ ಮೇಲೂ ಗಾಜಿನ ಬಟ್ಟೆ ಕೊಡುತ್ತಾರೆ. ಆ ಫೋಮಿನ ತೂಕ ಇನ್ನೂರು ಗ್ರಾಂ ಆಸುಪಾಸು. ಹಿಮ್ಮಡಿಯ ಭಾರ ಅಂಗೈ ಅಗಲಕ್ಕೆ ಹರಡಿಹೋಗುತ್ತದೆ.

ಕುತ್ತು ಕಾದಿರುವ ಮಿಕ್ಕ ಜಾಗಗಳೂ ಗೊತ್ತಿರುವಂಥವೇ. ಹುಟ್ಟು ಪದೇ ಪದೇ ಬಡಿಯುವ ಅಂಚು. ಬಂಡೆಗೆ ಮೊದಲು ಗುದ್ದುವ ಮೂತಿ. ಎತ್ತುವ ಹಿಡಿಕೆಯ ಗುಳಿ. ಎಲ್ಲಕ್ಕಿಂತ ಅಡಿಯ ರೆಕ್ಕೆ ಕೂರುವ ಪೆಟ್ಟಿಗೆ: ಮರಳದಿಬ್ಬಕ್ಕೆ ರೆಕ್ಕೆ ತಾಗಿದರೆ ಅದು ಸನ್ನೆಕೋಲಾಗಿ ಪೆಟ್ಟಿಗೆಯನ್ನು ಬುಡಸಮೇತ ಕೀಳುತ್ತದೆ. ಅಲ್ಲಿಯ ಮೆತ್ತನೆ ಥರ್ಮಾಕೋಲ್ ಕೆತ್ತಿ ತೆಗೆದು ಗಟ್ಟಿ ಫೋಮಿನ ತುಂಡು ಕೂರಿಸಿ, ಬಟ್ಟೆ ಸುತ್ತಿಯೇ ಪೆಟ್ಟಿಗೆ ಇಳಿಸಬೇಕು. ಅಂಚಿನಲ್ಲಿ ಮೇಲಿನ ಬಟ್ಟೆಯೂ ಕೆಳಗಿನದೂ ಒಂದರ ಮೇಲೊಂದು ಹಾಯುವುದರಿಂದ ತಾನಾಗಿಯೇ ಬಲ ಬರುತ್ತದೆ. ತೇಪೆಗಳನ್ನು ಮಾತ್ರ ಒಂದೇ ಗೆರೆಯಲ್ಲಿ ಮುಗಿಸಬಾರದು. ಗಟ್ಟಿ ಭಾಗ ಏಕಾಏಕಿ ನಿಂತು ಮೆದು ಭಾಗ ಶುರುವಾಗುವ ಗೆರೆಯಲ್ಲೇ ಹಲಗೆ ಸೀಳುವುದು. ಪ್ರತಿ ತೇಪೆಯೂ ಹಿಂದಿನದಕ್ಕಿಂತ ಎರಡು ಬೆರಳು ಆಚೆಗೆ ಮುಗಿಯಲಿ. ಇನ್ನು ಕಾರ್ಬನ್ ಬಟ್ಟೆ. ನೋಡಲು ಚೆಂದ, ಬಿಗಿಯೂ ಹೌದು, ಆದರೆ ಗುದ್ದು ಬಿದ್ದರೆ ಗಾಜಿನಷ್ಟು ಬಳುಕದೆ ಬಿರಿಯುತ್ತದೆ. ಅಂಚಿಗೆ ಅದನ್ನು ಹಾಕುವುದು ದುಡ್ಡು ಕೊಟ್ಟು ದೌರ್ಬಲ್ಯ ಕೊಂಡಂತೆ. ನಡುಪಟ್ಟಿಯಾಗಿ ಪ್ಲೈವುಡ್ ಇಡುವವರಿದ್ದಾರೆ. ಇಷ್ಟು ದಪ್ಪದ ಹಲಗೆಗೆ ಅದು ಕಡ್ಡಾಯವಲ್ಲ, ಕಟ್ಟುವಾಗ ಬಾಗು ಕೆಡದಂತೆ ಹಿಡಿದಿಡಲು ಅನುಕೂಲ.

ಥರ್ಮಾಕೋಲ್ ಕೊಳ್ಳುವಾಗ ಅಂಗಡಿಯವರ ಮಾತಿಗಿಂತ ತಕ್ಕಡಿ ನಂಬಿಗಸ್ತ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಐದು ಸೆಂಟಿಮೀಟರ್ ದಪ್ಪದ ಹಾಳೆ 400 ಗ್ರಾಂ ತೂಗಿದರೆ ಅದು 16 ಕಿಲೋ ಸಾಂದ್ರತೆಯದು. 250 ತೂಗಿದರೆ ಟಿವಿ ಪೆಟ್ಟಿಗೆಗೆ ಲಾಯಕ್ಕು. ಹಾಳೆ ಜೋಡಿಸುವಾಗ ಅಂಟನ್ನು ಅಂಚಿನಿಂದ ಒಂದಿಂಚು ಒಳಗೇ ನಿಲ್ಲಿಸಬೇಕು. ಒಣಗಿದ ಅಂಟು ಥರ್ಮಾಕೋಲ್‌ಗಿಂತ ಗಟ್ಟಿ, ಮರಳು ಕಾಗದ ಉಜ್ಜಿದಾಗ ಅದೊಂದೇ ಏಣಾಗಿ ಎದ್ದು ನಿಲ್ಲುತ್ತದೆ. ಆಕಾರ ಬಂದ ಮೇಲೆ ಮೈಮೇಲಿನ ಕಾಳು ಕಾಳಿನ ಸಂದುಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ರೆಸಿನ್ ಒಳಗಿಳಿದು ವ್ಯರ್ಥ ತೂಕವಾಗುತ್ತದೆ. ಎಪಾಕ್ಸಿಗೆ ಮೈಕ್ರೋಬಲೂನ್ ಎಂಬ ಟೊಳ್ಳು ಗಾಜಿನ ಪುಡಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದು ತೆಳ್ಳಗೆ ಸವರಿದರೆ ಸಾಕು.

ಬಟ್ಟೆ ಹೊದಿಸಲು ಸಂಜೆ ಹೊತ್ತು ಒಳ್ಳೆಯದು. ಬೆಳಿಗ್ಗೆ ಬಿಸಿಲೇರುತ್ತ ಥರ್ಮಾಕೋಲಿನೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಹಸಿ ರೆಸಿನ್‌ನಲ್ಲಿ ಗುಳ್ಳೆ ಏಳುತ್ತದೆ. ಸಂಜೆ ತಂಪಾಗುತ್ತ ಅದೇ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಸೆಳೆಯುತ್ತದೆ. ಹಾರ್ಡ್‌ನರ್ ಬೆರೆಸಿದ ಎಪಾಕ್ಸಿಯನ್ನು ಡಬ್ಬಿಯಲ್ಲೇ ಇಟ್ಟುಕೊಂಡರೆ ಕಾದು ಹೊಗೆಯಾಡಿ ಗಟ್ಟಿಯಾದೀತು, ಅಗಲ ತಟ್ಟೆಗೆ ಸುರಿದುಕೊಳ್ಳಬೇಕು. ಬಟ್ಟೆಯ ಮೇಲೆ ರಬ್ಬರ್ ಪಟ್ಟಿ ಎಳೆದು ಹೆಚ್ಚಿನದನ್ನೆಲ್ಲ ಹೊರದೂಡಬೇಕು. ಬಟ್ಟೆ ಪಾರದರ್ಶಕವಾಗಿ, ನೇಯ್ಗೆಯ ಏರಿಳಿತ ಮಾತ್ರ ಕಾಣುವಂತಿದ್ದರೆ ಹದ ಸರಿ. ಕನ್ನಡಿಯಂತೆ ಹೊಳೆದರೆ ರೆಸಿನ್ ಹೆಚ್ಚಾಯಿತು, ಬಿಳಿಚಿಕೊಂಡರೆ ಕಡಿಮೆಯಾಯಿತು. ಕೊನೆಯಲ್ಲಿ ಉಜ್ಜುವಾಗ ಈ ನೇಯ್ಗೆಗೆ ಕಾಗದ ತಾಗಬಾರದು. ನುಣುಪಿನ ಆಸೆಗೆ ಬಿದ್ದು ಎಳೆ ಕತ್ತರಿಸಿಕೊಂಡರೆ ಹಾಕಿದ ಪದರವೇ ದಂಡ. ಕೈಗವಸು, ಮುಖಕ್ಕೆ ಒಳ್ಳೆಯ ಮಾಸ್ಕ್ ಇಲ್ಲದೆ ಕೂರಲೇಬಾರದು: ಎಪಾಕ್ಸಿಯ ಅಲರ್ಜಿ ಒಮ್ಮೆ ಅಂಟಿದರೆ ಬಿಡುವುದು ಕಷ್ಟ.

ಇಷ್ಟೆಲ್ಲ ಆದ ಮೇಲೂ ಮೈಯಲ್ಲೊಂದು ಪುಟ್ಟ ಗಾಳಿ ತಿರುಪು ಬೇಕು. ಬಿಸಿಲಲ್ಲಿ, ಕಾರಿನ ನೆತ್ತಿಯ ಮೇಲೆ ಒಳಗಿನ ಗಾಳಿ ಹಿಗ್ಗಿದರೆ ಪದರವೇ ಥರ್ಮಾಕೋಲಿನಿಂದ ಎದ್ದುಬರುತ್ತದೆ. ಬಿಳಿ ಬಣ್ಣದ ಹಲಗೆಗಳೇ ಹೆಚ್ಚು ಕಾಣುವುದಕ್ಕೂ ಈ ಬಿಸಿಯೇ ಕಾರಣ.

ನಮ್ಮ ಕರಾವಳಿಯವರಿಗೆ ಒಂದು ಪೇಚಿದೆ. ಕಡಲಿಗೆ ಇಳಿಯಲಾಗದೆ ಕೈಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಎಪಾಕ್ಸಿಗೆ ಅದೇ ಕೆಟ್ಟ ಕಾಲ. ತೇವದ ಗಾಳಿಯಲ್ಲಿ ಒಣಗುವ ಪದರದ ಮೇಲೆ ಮೇಣದಂಥ ಜಿಡ್ಡು ಏಳುತ್ತದೆ, ತೊಳೆದು ಉಜ್ಜದೆ ಮುಂದಿನ ಪದರ ಹಾಕಿದರೆ ಅದು ಹಿಡಿಯುವುದಿಲ್ಲ. ಜೂನ್, ಜುಲೈಯಲ್ಲಿ ಕತ್ತರಿಸುವುದು, ಅಂಟಿಸುವುದು, ಆಕಾರ ಕೊಡುವುದು ಮುಗಿಸಿಕೊಂಡು, ಬಟ್ಟೆ ಹೊದಿಸುವ ಕೆಲಸವನ್ನು ನವರಾತ್ರಿ ಕಳೆದ ಮೇಲಿನ ಒಣ ಸಂಜೆಗಳಿಗೆ ಉಳಿಸಿಕೊಳ್ಳುವುದು ಮೇಲು. ಹೊದಿಸಿದ ಮೇಲೂ ವಾರದ ಮಟ್ಟಿಗೆ ನೀರಿಗಿಳಿಸಬಾರದು. ಮುಟ್ಟಿದರೆ ಮರುದಿನವೇ ಗಟ್ಟಿ ಎನಿಸಿದರೂ ಎಪಾಕ್ಸಿ ಪೂರ್ತಿ ಬಲಿಯಲು ಅಷ್ಟು ದಿನ ಬೇಕು.