ಭಾರ ಹೊರುವ ಮೈಗೊಂದು ಆಸರೆ

ಬೆಳಿಗ್ಗೆ ಎಂಟೂವರೆ. ಶಿವಮೊಗ್ಗದ ವಿದ್ಯಾನಗರದಲ್ಲಿ, ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ಮನೆಯ ಮೇಲ್ಮಹಡಿಗೆ ಮೋಲ್ಡ್ ಹಾಕುವ ಗಡಿಬಿಡಿ. ಮಿಕ್ಸರ್ ಗಡಗಡ ತಿರುಗುತ್ತಿದೆ. ಒಬ್ಬರು ಜಲ್ಲಿ ಸುರಿಯುತ್ತಾರೆ, ಇನ್ನೊಬ್ಬರು ಮರಳು. ಮೂರನೆಯವರು ಬೆನ್ನ ಮೇಲಿನ ಸಿಮೆಂಟ್ ಚೀಲವನ್ನು ದೊಪ್ಪನೆ ಇಳಿಸಿ, ಸಲಿಕೆಯ ಅಂಚಿನಿಂದ ಸೀಳಿ, ಮತ್ತೊಂದನ್ನು ಹೊರಲು ಹೊರಡುತ್ತಾರೆ. ಒಂದೊಂದು ಚೀಲವೂ 50 ಕಿಲೋ.

"ಬೇಗ ಸಾಗ್ಸಮ್ಮ, ಮಾಲು ಗಟ್ಟಿಯಾಗ್ತದೆ!" ಮೇಲಿನಿಂದ ಮೇಸ್ತ್ರಿಯ ಕೂಗು.

ಮೆಟ್ಟಿಲು ಹತ್ತುತ್ತಿರುವ ಹೆಂಗಸು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದಾರೆ. ತಲೆಯ ಮೇಲೆ ಹಳೇ ಬಟ್ಟೆಯ ಸಿಂಬೆ, ಅದರ ಮೇಲೆ ಹಸಿ ಕಾಂಕ್ರೀಟ್ ತುಂಬಿದ ಬಾಂಡ್ಲಿ. ಒಂದು ಕೈ ಬಾಂಡ್ಲಿಯ ಅಂಚಿಗೆ, ಇನ್ನೊಂದು ಗೋಡೆಗೆ. ಕತ್ತು ಬಗ್ಗಿಸಿ ಹೆಜ್ಜೆ ನೋಡುವಂತಿಲ್ಲ. ಕಾಲಿನ ಹೆಬ್ಬೆರಳೇ ಮೆಟ್ಟಿಲಿನ ಅಂಚನ್ನು ತಡವಿ ಗುರುತಿಸಬೇಕು, ಆಮೇಲೆ ಹಿಮ್ಮಡಿ ಊರಬೇಕು. ಕತ್ತಿನ ಎರಡೂ ಪಕ್ಕ ನರಗಳು ಬಿಗಿದು ನಿಂತಿವೆ.

ಕೆಳಮಹಡಿಯಲ್ಲಿ ಗಾರೆಯವರೊಬ್ಬರು ಸಾರುವೆಯ ಮೇಲೆ ನಿಂತು ಸೀಲಿಂಗ್ ಪ್ಲಾಸ್ಟರಿಂಗ್ ಮಾಡುತ್ತಿದ್ದಾರೆ. ಕರಣೆ ಹಿಡಿದ ಕೈ ಗಂಟೆಗಟ್ಟಲೆ ತಲೆಗಿಂತ ಮೇಲೆಯೇ. ಪಕ್ಕದ ಸೈಟಿನಲ್ಲಿ ಕಂಬಿ ಕಟ್ಟುವವರು ಸೊಂಟ ಬಗ್ಗಿಸಿ, ಕೊಕ್ಕೆಯಿಂದ ಬೈಂಡಿಂಗ್ ವೈರ್ ತಿರುವುತ್ತಾ ಒಂದು ಸಂದಿಯಿಂದ ಇನ್ನೊಂದಕ್ಕೆ ಸರಿಯುತ್ತಾರೆ. ಸಾಲು ಮುಗಿದಾಗ ಸೊಂಟಕ್ಕೆ ಕೈಯಿಟ್ಟು, ನಿಧಾನಕ್ಕೆ ನೆಟ್ಟಗಾಗುತ್ತಾರೆ.

ಆ ಸೊಂಟ ಹೊರುವ ಹೊರೆಯ ಲೆಕ್ಕ ಸರಳವಾಗಿದೆ. ಬೆನ್ನೆಲುಬನ್ನು ಎಳೆದು ಹಿಡಿಯುವ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಬಗ್ಗಿದವರ ಕೈಯಲ್ಲಿರುವ ಭಾರ 50 ಸೆಂಟಿಮೀಟರ್ ಮುಂದಿದ್ದರೆ, ಸ್ನಾಯು ಅದರ ಹತ್ತರಷ್ಟು ಬಲ ಹಾಕಬೇಕು. 20 ಕಿಲೋ ಎತ್ತಿದಾಗ ಬೆನ್ನಿನೊಳಗೆ 200 ಕಿಲೋದ ಎಳೆತ. ಬಗ್ಗಿದ ಮೈಯ ಸ್ವಂತ ತೂಕ ಬೇರೆ. ಕಂಬಿ ಕಟ್ಟುವವರ ಕೈಯಲ್ಲಿ ಭಾರವೇ ಇಲ್ಲದಿದ್ದರೂ ಸೊಂಟ ಸೋಲುವುದು ಇದರಿಂದ.

ಎಕ್ಸೋಸ್ಕೆಲಿಟನ್ ಎಂಬ ತೊಡುವ ಸಾಧನ ಈ ಎಳೆತದಲ್ಲಿ ಪಾಲು ಪಡೆಯುತ್ತದೆ. ಬೆನ್ನಿಗೆ ತೊಡುವುದರಲ್ಲಿ ಎದೆ ಮತ್ತು ತೊಡೆಗಳ ನಡುವೆ ಸ್ಪ್ರಿಂಗು ಅಥವಾ ರಬ್ಬರ್ ಪಟ್ಟಿ. ಬಗ್ಗಿದಾಗ ಅದು ಬಿಗಿಯುತ್ತದೆ, ಏಳುವಾಗ ಆ ಬಿಗಿತವನ್ನೇ ಮರಳಿಸಿ ಮೈಯನ್ನು ಎತ್ತುತ್ತದೆ. ಇಂಥ ಸರಳ ಮಾದರಿಗೆ ಬ್ಯಾಟರಿಯಾಗಲಿ ಮೋಟಾರಾಗಲಿ ಬೇಕಿಲ್ಲ. ಭುಜಕ್ಕೆ ತೊಡುವುದರಲ್ಲಿ ತೋಳಿನ ಭಾರ ಸೊಂಟದ ಪಟ್ಟಿಗೆ ಇಳಿಯುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1960ರ ದಶಕದಲ್ಲಿ ಕಟ್ಟಹೊರಟ 'ಹಾರ್ಡಿಮನ್' ಎಂಬ ಎಕ್ಸೋಸ್ಕೆಲಿಟನ್ ಸುಮಾರು 680 ಕಿಲೋ ತೂಗುತ್ತಿತ್ತು. 2020ರಲ್ಲಿ ಹಿಲ್ಟಿ ಕಂಪನಿ, ಒಟ್ಟೊಬಾಕ್ ಜೊತೆಗೂಡಿ ಕಟ್ಟಡ ಕಾರ್ಮಿಕರಿಗೆಂದೇ ಹೊರತಂದ ಭುಜದ ಆಸರೆಯ ತೂಕ ಸುಮಾರು 2 ಕಿಲೋ. ನಮ್ಮಲ್ಲೂ ಬೆಂಗಳೂರಿನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ 'ಡೆಬೆಲ್' ಸೈನಿಕರಿಗಾಗಿ ಇಂಥ ಸಾಧನದ ಮೇಲೆ ಕೆಲಸ ಮಾಡಿದೆ.

ಆದರೆ ವಿದ್ಯಾನಗರದ ಆ ಮೆಟ್ಟಿಲಿನ ಮೇಲೆ ನಿಂತರೆ ವಿನ್ಯಾಸದ ಪ್ರಶ್ನೆಗಳೇ ಬದಲಾಗುತ್ತವೆ. ತೊಡೆಗೆ ಕಟ್ಟುವ ಪಟ್ಟಿ ಸೀರೆಯುಟ್ಟವರಿಗೆ ಹೇಗೆ ಹೊಂದೀತು? ಏಪ್ರಿಲ್ ಬಿಸಿಲಲ್ಲಿ ಬೆವರಿದ ಬೆನ್ನಿಗೆ ಗಾಳಿ ಎಲ್ಲಿಂದ ಬರಬೇಕು? ಸಾರುವೆಯ ಗಳುಗಳ ನಡುವೆ ನುಸುಳುವಾಗ ಪಟ್ಟಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಸಿಮೆಂಟ್ ಧೂಳು ಕೂತ ಕೀಲು ಎಷ್ಟು ದಿನ ಬಾಳುತ್ತದೆ? ಇಳಿಸಿದ ಭಾರ ಮಾಯವಾಗುವುದಿಲ್ಲ, ಮೈಯ ಬೇರೊಂದು ಭಾಗಕ್ಕೆ ಹೋಗುತ್ತದೆ. ಆ ಭಾಗ ಅದನ್ನು ತಾಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಬೆನ್ನಿನ, ಭುಜದ ಆಸರೆಗಳು ತಲೆಹೊರೆಯನ್ನು ಗಮನದಲ್ಲಿಟ್ಟು ಮಾಡಿದವಲ್ಲ. ಬಾಂಡ್ಲಿ ಹೊರುವ ಕತ್ತು ಅವುಗಳ ಲೆಕ್ಕಕ್ಕೇ ಬಂದಿಲ್ಲ.

ಇಲ್ಲಿನವರಿಗೆ ಹೊಂದುವ ಆಸರೆಯನ್ನು ಇಲ್ಲಿಯೇ ಮಾಡಲು ಸಾಧ್ಯವಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ವಿದ್ಯಾನಗರದಿಂದ ಬಿ.ಎಚ್. ರಸ್ತೆಯಲ್ಲೇ ಭದ್ರಾವತಿಯ ಕಡೆ ಹೊರಟರೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಎರಕದ ಕಾರ್ಖಾನೆಗಳೂ ಇವೆ, ಸಿದ್ಧ ಉಡುಪಿನ ಕಾರ್ಖಾನೆಯೂ ಇದೆ. ಇನ್ನೂ ಮುಂದೆ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಉಕ್ಕಿನ ಕಾರ್ಖಾನೆ. ಈ ಸಾಧನಕ್ಕೆ ಬೇಕಾದದ್ದು ಲೋಹದ ಕೆಲಸ ಮತ್ತು ಹೊಲಿಗೆ. ಎರಡೂ ಬಲ್ಲ ಕೈಗಳು ಈ ಒಂದೇ ರಸ್ತೆಯ ಉದ್ದಕ್ಕೂ ಇವೆ. ಶಿವಮೊಗ್ಗದ ನವುಲೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಅಳತೆ ಟೇಪು ಹಿಡಿದು ಮೊದಲು ಬರಬೇಕಾದದ್ದು ಈ ಸೈಟಿಗೆ. ಬಾಂಡ್ಲಿ ಹೊತ್ತವರನ್ನೇ ಕೇಳಬೇಕು, ಅವರ ಮೈಮೇಲೆಯೇ ತೊಡಿಸಿ ನೋಡಬೇಕು, ಅವರು ಬೇಡವೆಂದದ್ದನ್ನು ಬಿಚ್ಚಿ ಮತ್ತೆ ಹೊಲಿಯಬೇಕು.

ಸಾಧನ ಬಂದಿತೆಂದು ಹೊರೆ ಹೆಚ್ಚಿಸುವಂತೆಯೂ ಇಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲವಿದ್ದಾಗಲೂ ಕೈಯಿಂದ ಎತ್ತುವ ಭಾರ 23 ಕಿಲೋ ಮೀರಬಾರದು. ನಮ್ಮ ಚೀಲ ಅದರ ಎರಡರಷ್ಟಕ್ಕೂ ಹೆಚ್ಚು. ಆದ್ದರಿಂದ ಮೊದಲು ಚೀಲ ಅರ್ಧಕ್ಕಿಂತಲೂ ಕೆಳಗಿಳಿಯಲಿ, ಸಣ್ಣ ಮನೆಯ ಕೆಲಸಕ್ಕೂ ಬಾಡಿಗೆ ಲಿಫ್ಟ್ ಯಂತ್ರ ಬರಲಿ. ಅಷ್ಟಾದ ಮೇಲೂ ಬಗ್ಗಲೇಬೇಕಾದ, ಕೈ ಎತ್ತಲೇಬೇಕಾದ ಕೆಲಸಕ್ಕೆ ಈ ಆಸರೆ ಬೇಕು. ಅದನ್ನು ಕೊಳ್ಳುವ ಹೊಣೆ ದಿನಗೂಲಿಯವರ ಮೇಲೆ ಬೀಳಬಾರದು. ಕಟ್ಟಡದ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ ಕಾರ್ಮಿಕರಿಗೆಂದೇ ಸಂಗ್ರಹವಾಗುತ್ತದೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಉಪಕರಣಗಳ ಕಿಟ್ ಕೂಡ ಹಂಚಿದೆ. ಕರಣೆ, ಮಟ್ಟಗೋಲುಗಳಿರುವ ಆ ಕಿಟ್ಟಿನಲ್ಲಿ, ಅವನ್ನು ಹಿಡಿಯುವ ಮೈಯನ್ನು ಕಾಯುವ ಸಾಧನಕ್ಕೂ ಜಾಗವಿರಬೇಕು.